ಸುಗುಲ್ಲೆಯವರ ಹಲ್ಲಿನ ಹಿಂದಿನ ಗೋಡೆ

ಸುಗುಲ್ಲೆಯವರ ಬಾಯಿಯೊಳಗೆ ಒಂದು ಗೋಡೆ ಇತ್ತು. ಕೆಳಗಿನ ಮುಂಬಲ್ಲುಗಳ ಹಿಂದೆ, ನಾಲಿಗೆಯ ತುದಿ ಮಲಗುವ ಜಾಗದಲ್ಲಿ, ಆ ಕೋರೆಹಲ್ಲಿನಿಂದ ಈ ಕೋರೆಹಲ್ಲಿನವರೆಗೆ ಒಂದೇ ಸಮನೆ ಕಟ್ಟಿಕೊಂಡಿದ್ದ ಗೋಡೆ. ಬಹಳ ಕಾಲ ಒಲೆಯ ಮೇಲಿದ್ದ ಕೆಟಲಿನ ಒಳಮೈಗೆ ಬರುವ ಬಣ್ಣ ಅದಕ್ಕಿತ್ತು. ಪುಟ್ಟ ಕನ್ನಡಿಯನ್ನು ಓರೆಯಾಗಿ ಹಿಡಿದು ನೋಡಿದೆ. ಹಲ್ಲು ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು ಎಂದು ಹೇಳಲಾಗದಷ್ಟು ಎರಡೂ ಒಂದಾಗಿದ್ದವು.

"ದೊಡ್ಡಪ್ಪ, ಇದು ಎಷ್ಟು ವರ್ಷದ್ದು?" ಎಂದು ಕೇಳಿದೆ. ನೆಂಟಸ್ತಿಕೆಯಿಂದಲ್ಲ, ಊರಿನ ಹಿರಿಯರನ್ನು ನಾವು ಕರೆಯುವುದೇ ಹಾಗೆ.

ಅವರು ನನ್ನ ಕೈ ಸರಿಸಿ ಬಾಯಿ ಮುಚ್ಚಿಕೊಂಡರು. "ಯಾವುದು ಮಗಳೇ?"

ತಮ್ಮ ಬಾಯಲ್ಲಿ ಗೋಡೆ ಇದೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ. ಅವರು ಬಂದದ್ದು ರಕ್ತದ ಸಲುವಾಗಿ. ದಿನಕ್ಕೆ ಐದು ಸಲ, ನಮಾಜಿಗೆ ಮೊದಲು ಕೈಕಾಲು ಬಾಯಿ ತೊಳೆದು ವುಝೂ ಮಾಡುವಾಗ, ಅಡೈ ಮರದ ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದರು. ಐದು ಸಲವೂ ಕಡ್ಡಿಯ ತುದಿ ಕೆಂಪಗಾಗುತ್ತಿತ್ತು. ಬಾಯಲ್ಲಿ ರಕ್ತದ ರುಚಿ ಇಟ್ಟುಕೊಂಡು ದೇವರ ಮುಂದೆ ನಿಲ್ಲುವುದು ಹೇಗೆ ಎಂಬುದು ಅವರ ಚಿಂತೆ.

ಬುರಾವ್ ಊರಿನ ದನದ ಸಂತೆಗೆ ಹೋಗುವ ದಾರಿಯಲ್ಲಿ ಒಂದು ಔಷಧಿ ಅಂಗಡಿ ಇದೆ. ಅದರ ಹಿಂದಿನ ಕೋಣೆ ನನ್ನದು. ರಾಜಧಾನಿ ಹರ್ಗೇಯ್ಸಾದಲ್ಲಿ ಹಲ್ಲಿನ ಕೆಲಸ ಮೂರು ವರ್ಷ ಕಲಿತು ಬಂದೆ. ನಾನು ಹಲ್ಲು ಕೀಳುವುದಿಲ್ಲ, ಕಟ್ಟುವುದಿಲ್ಲ. ಶುಚಿ ಮಾಡುತ್ತೇನೆ, ಮತ್ತೆ ಕೊಳೆ ಕೂರದ ಹಾಗೆ ನೋಡಿಕೊಳ್ಳುವುದನ್ನು ಹೇಳಿಕೊಡುತ್ತೇನೆ, ಅಷ್ಟೇ. ಊರಿನವರು ನನ್ನನ್ನು ಕಲ್ಲು ಕೀಳೋ ಹಿಬೊ ಎನ್ನುತ್ತಾರೆ.

ಸುಗುಲ್ಲೆಯವರನ್ನು ಮಾತ್ರ ಹಾಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಲಾಗದು. ಅವರು ಕವಿಯಲ್ಲ. ಕವಿತೆ ಹೊರುವವರು. ಅವರ ಗುರು ಕಟ್ಟಿದ ನೂರ ನಲವತ್ತು ಸಾಲಿನ ಒಂದು ಬಾವಿಯ ಕವಿತೆ ಇತ್ತು. ಗುರು ತೀರಿಕೊಂಡ ಮೇಲೆ ಅದನ್ನು ಒಂದಕ್ಷರ ಆಚೀಚೆ ಆಗದ ಹಾಗೆ ಹೇಳಬಲ್ಲವರು ಇವರೊಬ್ಬರೇ. ನಮ್ಮ ಕವಿತೆಗಳಲ್ಲಿ ಒಂದು ಅಕ್ಷರ ಹಿಡಿದರೆ ಕೊನೆಯವರೆಗೂ ಅದನ್ನು ಬಿಡುವಂತಿಲ್ಲ, ಸಾಲು ಸಾಲಿನಲ್ಲೂ ಅದೇ ಮೊಳಗಬೇಕು. ಆ ಕವಿತೆಗೆ ಗುರು ಹಿಡಿದದ್ದು ಸಕಾರ.

ಸೋತ ಒಂಟೆಯ ಸೊರಗು ಸದ್ದಿಗೆ ಸೆಲೆಯು ಕಣ್ ತೆರೆಯಿತು,
ಸುಮ್ಮನಿದ್ದ ಮರಳ ಸಾಲು ಸರಿದು ದಾರಿ ಕೊಟ್ಟಿತು.

ಅದು ಶುರುವಾಗುವುದು ಹೀಗೆ. ನಾನು ಹುಟ್ಟಿದ್ದು ಕೇಳುವವರ ಮನೆಯಲ್ಲಿ. ನಮ್ಮಪ್ಪನಿಗೆ ಹತ್ತು ಸಾಲೂ ಬಾಯಿಗೆ ಬರುತ್ತಿರಲಿಲ್ಲ, ಆದರೆ ಯಾರಾದರೂ ತಪ್ಪಿದರೆ ಮಾತ್ರ ಅವನ ಕೈಯಲ್ಲಿದ್ದ ಚಹಾದ ಲೋಟ ನಿಂತುಬಿಡುತ್ತಿತ್ತು. ಏಳು ವರ್ಷದವಳಿದ್ದಾಗ ಅವನ ಮಗ್ಗುಲಲ್ಲಿ ಕೂತು ಸುಗುಲ್ಲೆಯವರ ಬಾಯಿಂದ ಈ ಸಾಲುಗಳನ್ನು ಮೊದಲು ಕೇಳಿದೆ. ಆ ಬಾಯಿಯ ಒಳಗನ್ನು ಒಂದು ದಿನ ಕನ್ನಡಿ ಹಿಡಿದು ನೋಡುತ್ತೇನೆಂದು ಯಾರು ಎಣಿಸಿದ್ದರು.

ಅವರಿಗೂ ಕನ್ನಡಿ ಕೊಟ್ಟು ತೋರಿಸಿದೆ. ಬಹಳ ಹೊತ್ತು ನೋಡಿಕೊಂಡರು.

"ಇಷ್ಟೊಂದು ಕಡ್ಡಿ ತಿಕ್ಕೋನ ಬಾಯಲ್ಲಿ ಇದು ಹೇಗೆ ಬಂತು?"

"ಕಡ್ಡಿ ಹೊರಗಡೆ ಓಡಾಡುತ್ತೆ ದೊಡ್ಡಪ್ಪ. ಹಲ್ಲಿನ ಬೆನ್ನಿಗೆ ಹೋಗಲ್ಲ. ನಾಲಿಗೆ ಕೆಳಗಿಂದ ಎಂಜಲು ಬಂದು ಮೊದಲು ನಿಲ್ಲೋದೇ ಅಲ್ಲಿ. ನಿಂತಲ್ಲಿ ನಿಂತು ಕಲ್ಲಾಗುತ್ತೆ."

"ಎಂಜಲು ಕಲ್ಲಾಗುತ್ತಾ?" ಅವರು ಹೆದರಲಿಲ್ಲ. ಅವರಿಗೆ ಅದು ತಿಳಿಯಬೇಕಿತ್ತು. "ಮಾತಾಡ್ದೇ ಸುಮ್ಮನಿದ್ರೆ ಬೇಗ ಆಗುತ್ತಾ, ಮಾತಾಡಿದ್ರೆ ಬೇಗ ಆಗುತ್ತಾ?"

ಅಂಥ ಪ್ರಶ್ನೆಯನ್ನು ಹರ್ಗೇಯ್ಸಾದಲ್ಲಿ ನನಗೆ ಯಾರೂ ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ. ಗೊತ್ತಿದ್ದದ್ದನ್ನು ಹೇಳಿದೆ. ಗೋಡೆಯ ಬುಡದಲ್ಲಿ ಒಸಡು ಕೊಳೆಯುತ್ತಿದೆ, ರಕ್ತ ಬರುತ್ತಿರುವುದು ಅಲ್ಲಿಂದ. ಹೀಗೇ ಬಿಟ್ಟರೆ ಹಲ್ಲುಗಳು ಒಂದೊಂದಾಗಿ ಸಡಿಲಾಗಿ ಬೀಳುತ್ತವೆ. ತೆಗೆದರೆ ಸ್ವಲ್ಪ ದಿನ ತಣ್ಣೀರು ಜುಮ್ಮೆನ್ನುತ್ತದೆ, ಹಲ್ಲಿನ ನಡುವೆ ಸಂದಿ ಕಾಣುತ್ತದೆ, ಒಸಡು ಗಟ್ಟಿಯಾಗುತ್ತದೆ. ಎಲ್ಲವನ್ನೂ ಹೇಳಿದೆನೆಂದೇ ಅಂದುಕೊಂಡಿದ್ದೆ.

ಅವತ್ತು ಕರೆಂಟು ಹೋಗಿತ್ತು. ನೀರು ಚಿಮ್ಮಿಸುತ್ತ ನಡುಗುವ ಯಂತ್ರ ಸುಮ್ಮನೆ ಕೂತಿತ್ತು. ಬಿಸ್ಮಿಲ್ಲಾ ಎಂದು ಕೈಕೊಕ್ಕೆಯನ್ನೇ ಎತ್ತಿಕೊಂಡೆ. ಯಂತ್ರವಾಗಿದ್ದರೆ ಕಲ್ಲನ್ನು ಪುಡಿ ಮಾಡಿ ನೀರಿನಲ್ಲಿ ಹರಿಸುತ್ತಿತ್ತು. ಕೊಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಒಂದು ಗಂಟೆಯ ಮೇಲೆ, ಮಧ್ಯದ ಎರಡು ಹಲ್ಲುಗಳ ಹಿಂದಿದ್ದ ದೊಡ್ಡ ತುಂಡು ಟಕ್ ಎಂದು ಇಡಿಯಾಗಿ ಕಳಚಿ ತಟ್ಟೆಗೆ ಬಿತ್ತು. ಉಗುರಿನಷ್ಟು ಅಗಲ, ಒಂದು ಕಡೆ ನುಣುಪು, ಸ್ವಲ್ಪ ಬಾಗಿತ್ತು. ನೋಡಿದವರು ಹಲ್ಲೆಂದೇ ಹೇಳಬೇಕು.

ನೋಡಿದವನು ಗುರ್ಹಾನ್, ಸುಗುಲ್ಲೆಯವರ ತಮ್ಮನ ಮಗ. ದೊಡ್ಡಪ್ಪನನ್ನು ಕರೆದುಕೊಂಡು ಬಂದವನು, ಚಹಾ ಕುಡಿಯಲು ಹೋಗಿ ಆಗಷ್ಟೇ ಒಳಗೆ ಬಂದಿದ್ದ. ತಟ್ಟೆ ನೋಡಿದ, ನನ್ನ ಮುಖ ನೋಡಿದ.

ಸುಗುಲ್ಲೆಯವರು ಬಾಯಿ ಮುಕ್ಕಳಿಸಿ ಎದ್ದು ಕೂತರು. ನಾಲಿಗೆಯನ್ನು ಒಳಗೆಲ್ಲ ಓಡಾಡಿಸಿದರು, ಹೊಸ ಮನೆಗೆ ಬಂದವರ ಹಾಗೆ. ಮುಖ ಅರಳಿತು. ದೇವರಿಗೆ ಸ್ತುತಿ ಹೇಳಲು ಬಾಯಿ ತೆರೆದರು.

"ಸುಬ್..."

ಸಂದಿಯಿಂದ ಗಾಳಿ ಸಿಳ್ಳೆ ಹಾಕಿಕೊಂಡು ಹೊರಬಂತು.

ಅವರು ನಿಲ್ಲಿಸಿದರು. ಇನ್ನೊಮ್ಮೆ ಮೆಲ್ಲಗೆ, ಸಕಾರವೊಂದನ್ನೇ ಹೇಳಿ ನೋಡಿದರು. ಮತ್ತೆ ಸಿಳ್ಳೆ. ಬಾಯಿ ಮುಚ್ಚಿದರು. ಎದೆಯ ಮೇಲೆ ಕೈ ಇಟ್ಟು ನನಗೆ ತಲೆಬಾಗಿ ಹೊರಟುಹೋದರು. ಗುರ್ಹಾನ್ ಕರವಸ್ತ್ರ ತೆಗೆದು ಆ ದೊಡ್ಡ ತುಂಡನ್ನು ಅದರಲ್ಲಿ ಕಟ್ಟಿಕೊಂಡ.

ತಣ್ಣೀರಿನ ಜುಮ್ಮು ಹೇಳಿದ್ದೆ, ಸಂದಿ ಹೇಳಿದ್ದೆ. ದನಿಯ ವಿಷಯ ಹೇಳಿರಲಿಲ್ಲ. ಅದೂ ಕೇಳುವವರ ಮನೆಯಲ್ಲಿ ಹುಟ್ಟಿದ ನಾನು.

---

ಅಂದಿನಿಂದ ಸುಗುಲ್ಲೆಯವರು ಮಾತಾಡಲಿಲ್ಲ. ಸಲಾಂ ಹೇಳಿದವರಿಗೂ ಕೈಯನ್ನು ಎದೆಗೆ ಮುಟ್ಟಿಸಿ ಸುಮ್ಮನಾಗುತ್ತಿದ್ದರು, ಯಾಕೆಂದರೆ ಸಲಾಮಿನಲ್ಲೂ ಸಕಾರ ಇದೆಯಲ್ಲ. ಮಸೀದಿಯಲ್ಲಿ ತುಟಿ ಮಾತ್ರ ಆಡುತ್ತಿತ್ತಂತೆ. ಹಲ್ಲಿನ ಜೊತೆ ನಾಲಿಗೆಯನ್ನೂ ಕಿತ್ತಳು ಎಂದು ಸಂತೆಯಲ್ಲಿ ಮಾತು ಹಬ್ಬಿತು. ನನ್ನ ಕೋಣೆಗೆ ಯಾರೂ ಬರಲಿಲ್ಲ.

ನಾಲ್ಕನೆಯ ದಿನ ನಮ್ಮ ಚಿಕ್ಕಪ್ಪ ಓಡವಾ ಬಂದ. ಅಪ್ಪ ಇಲ್ಲದ ನನಗೆ ಕುಲದ ಕಡೆಯಿಂದ ಮಾತಾಡುವವನು ಅವನೇ. ರೋಗಿಗಳು ಕೂರುವ ಕುರ್ಚಿಯಲ್ಲಿ ಕಾಲು ಚಾಚಿ ಕೂತ.

"ಗುರ್ಹಾನ್ ಹಿರಿಯರ ಹತ್ರ ಹೋಗಿದಾನೆ. ಗುರುವಾರ ಬೆಳಿಗ್ಗೆ ನ್ಯಾಯಕ್ಕೆ ಮರದ ಕೆಳಗೆ ಕೂರ್ಬೇಕಂತೆ. ನೀನು ಹಲ್ಲು ಮುರಿದೆ ಅಂತ ದೂರು."

"ಅದು ಹಲ್ಲಲ್ಲ ಚಿಕ್ಕಪ್ಪ."

"ನನಗೆ ಗೊತ್ತು. ಮರಕ್ಕೆ ಗೊತ್ತಿಲ್ಲ." ಅವನು ಕೈಬೆರಳು ಮಡಚಿದ. "ಹಲ್ಲು ಒಂದಕ್ಕೆ ಐದು ಒಂಟೆ ದಂಡ, ಕುಲವೇ ಕೊಡ್ಬೇಕು. ಹಿಂದಿಂದ ಬಂದ ಲೆಕ್ಕ. ನೀನು ದಿನಕ್ಕೆ ಎಷ್ಟು ಬಾಯಿ ಶುಚಿ ಮಾಡ್ತೀ?"

"ಮೂರು, ನಾಲ್ಕು."

"ಬಾಯಿಗೆ ಮೂವತ್ತೆರಡು. ದೇವರೇ, ಇಷ್ಟು ದಿನ ನಮ್ಮ ಕುಲ ಬದುಕಿದ್ದೇ ಹೆಚ್ಚು."

ನಕ್ಕೆ. ಅವನೂ ನಕ್ಕ. ಆಮೇಲೆ ನಗಲಿಲ್ಲ.

"ನೋಡು ಹಿಬೊ, ಒಂಟೆ ಬರುತ್ತೆ ಹೋಗುತ್ತೆ. ಅದು ಹಲ್ಲೇ ಅಂತ ತೀರ್ಪಾದ್ರೆ ಈ ಬಾಗಿಲು ಹಾಕ್ಬೇಕಾಗುತ್ತೆ. ಇನ್ನೊಬ್ಬರ ಬಾಯಿಗೆ ನಿನ್ನ ಕೈ ಹೋಗೋದಕ್ಕೆ ನಮ್ಮವರೇ ಬಿಡಲ್ಲ."

ಅವನು ಹೋದ ಮೇಲೆ ತಟ್ಟೆಯಲ್ಲಿ ಉಳಿದಿದ್ದ ಸಣ್ಣ ಚೂರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಮಸೂರದಲ್ಲಿ ನೋಡಿದೆ. ಕಲ್ಲೇ. ನನಗೆ ಸಂಶಯವಿರಲಿಲ್ಲ, ಆದರೂ ಇಳಿಹೊತ್ತಿನ ಅಸರ್ ನಮಾಜಿನವರೆಗೆ ನೋಡುತ್ತ ಕೂತೆ. ಪದರದ ಮೇಲೆ ಪದರ, ಮರದ ಕಾಂಡದ ಬಳೆಗಳಂತೆ. ಯಾವ ಪದರ ಯಾವ ವರ್ಷದ್ದು, ಆ ವರ್ಷ ಆ ಬಾಯಿ ಏನು ಹೇಳಿತ್ತು ಎಂಬ ಯೋಚನೆಯೇ ನನ್ನ ಹೆದರಿಕೆಗಿಂತ ಮುಂದೆ ಓಡುತ್ತಿತ್ತು.

---

ಗುರುವಾರ ಸಂತೆಯ ಪಕ್ಕದ ಜಾಲಿಮರದ ಕೆಳಗೆ ಚಾಪೆ ಹಾಸಿದ್ದರು. ಹಿರಿಯ ಕಾಹಿನ್ ಬುಡಕ್ಕೆ ಒರಗಿ ಕೂತಿದ್ದರು. ಅವರ ಬಲಕ್ಕೆ ಗುರ್ಹಾನ್, ಸುಗುಲ್ಲೆಯವರು. ಎಡಕ್ಕೆ ಓಡವಾ ಚಿಕ್ಕಪ್ಪ. ನಾನು ಅವನ ಹಿಂದೆ. ಆಚೆ ಚಹಾದಂಗಡಿಯ ನೆರಳಲ್ಲಿ ಹೆಂಗಸರು. ನ್ಯಾಯ ಕೇಳಲು ಬಂದವರಿಗಿಂತ ಸುಗುಲ್ಲೆಯವರ ದನಿ ಏನಾಗಿದೆ ನೋಡೋಣ ಎಂದು ಬಂದವರೇ ಹೆಚ್ಚು.

ಗುರ್ಹಾನ್ ಕರವಸ್ತ್ರ ಬಿಚ್ಚಿದ. ಕಾಹಿನ್ ಆ ತುಂಡನ್ನು ಬಿಸಿಲಿಗೆ ಹಿಡಿದರು, ತಿರುಗಿಸಿದರು, ಮೂಸಿದರು. "ಹಲ್ಲಿನ ಹಾಗೇ ಇದೆ," ಎಂದರು. ಪಕ್ಕದವನಿಗೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಯಿತು. ಒಬ್ಬ ಉಗುರಿನಿಂದ ಕೆರೆದ. ಒಬ್ಬ ತನ್ನ ಹಲ್ಲಿನ ಪಕ್ಕ ಹಿಡಿದುಕೊಂಡು ಪಕ್ಕದವನಿಗೆ ತೋರಿಸಿದ.

"ಮಗಳೇ, ಇದು ಹಲ್ಲಲ್ಲ ಅಂತೀಯಾ. ಹಾಗಾದ್ರೆ ಏನು?"

"ಎಂಜಲು ಕಲ್ಲಾದದ್ದು. ನಮ್ಮ ಬಾವಿ ನೀರು ಕೆಟಲಿನೊಳಗೆ ಬಿಳಿ ಹೆಕ್ಕಳ ಕಟ್ಟಲ್ವಾ, ಹಾಗೆ."

ಕಾಹಿನ್ ಚಹಾದಂಗಡಿ ಕಡೆ ತಿರುಗಿದರು. "ನಿನ್ನ ಕೆಟಲ್ ತಾ."

"ನನ್ನ ಕೆಟಲೂ ಸಾಕ್ಷಿ ಹೇಳ್ಬೇಕಾ?" ಎಂದ ಅಂಗಡಿಯವನು. ಆದರೂ ತಂದ. ಒಳಗೆ ಚಾಕು ಹಾಕಿ ಕೆರೆದರು. ಹೆಕ್ಕಳ ಎದ್ದು ಬಂತು. ಎರಡನ್ನೂ ಒಂದೇ ಅಂಗೈಯಲ್ಲಿಟ್ಟು ಕಾಹಿನ್ ನೋಡಿದರು. ಸುತ್ತಲಿನವರು ಮೊಣಕಾಲ ಮೇಲೆ ಮುಂದಕ್ಕೆ ಬಂದರು.

"ಹೋಲುತ್ತೆ," ಎಂದರು.

"ಅಂಗಡಿಯವ ಈ ಕೆಟಲನ್ನ ಎಂದಾದ್ರೂ ತೊಳೆದಿದ್ದಾನಾ ಅನ್ನೋದು ಬೇರೆ ನ್ಯಾಯ," ಎಂದ ಓಡವಾ. ಎಲ್ಲರೂ ನಕ್ಕರು.

ಗುರ್ಹಾನ್ ನಗಲಿಲ್ಲ. "ಹಿರಿಯರೇ, ಕೆಟಲ್ ಕೆರೆದ್ರೆ ಅದರ ದನಿ ಹೋಗುತ್ತಾ? ಇದು ಹೋದ ಗಳಿಗೆಗೇ ನನ್ನ ದೊಡ್ಡಪ್ಪನ ದನಿ ಹೋಯ್ತು. ಕಲ್ಲು ಹೋದ್ರೆ ದನಿ ಯಾಕೆ ಹೋಗ್ಬೇಕು?"

"ಹಲ್ಲು ಎಣಿಸಿ ನೋಡೋಣ," ಎಂದರು ಯಾರೋ.

"ಎಣಿಸಿ," ಎಂದ ಗುರ್ಹಾನ್. "ಎಲ್ಲಾ ಇದಾವೆ. ನಾನು ಬುಡದಿಂದ ಕಿತ್ತಳು ಅಂದ್ನಾ? ಬೆನ್ನಿನ ಕಡೆಯಿಂದ ಸೀಳಿದಾಳೆ. ನಡುವೆ ಈಗ ಕಡ್ಡಿ ತೂರೋ ಅಷ್ಟು ಸಂದಿ. ಮೊದಲು ಇರ್ಲಿಲ್ಲ."

ನನ್ನಲ್ಲಿ ಉತ್ತರವಿತ್ತು, ತೋರಿಸುವ ದಾರಿ ಇರಲಿಲ್ಲ. ಸಂದಿ ಮೊದಲೇ ಇತ್ತು, ಕಲ್ಲು ಅದನ್ನು ಮುಚ್ಚಿತ್ತು ಎಂದು ನಾನು ಹೇಳಬಹುದು. ಅದನ್ನು ನೋಡಿದವರು ಯಾರು? ಹೆಂಡತಿಯೂ ಗಂಡನ ಹಲ್ಲಿನ ಬೆನ್ನು ನೋಡಿರುವುದಿಲ್ಲ.

ಕಾಹಿನ್ ಸುಗುಲ್ಲೆಯವರ ಕಡೆ ತಿರುಗಿದರು. ಇಬ್ಬರೂ ಒಂದೇ ವಾರಿಗೆಯವರು. "ಸುಗುಲ್ಲೆ, ದೂರು ನಿನ್ನ ಬಾಯಿದು. ನೀನೇ ಸುಮ್ಮನಿದ್ರೆ ಹೇಗಪ್ಪಾ?"

ಸುಗುಲ್ಲೆಯವರು ತಲೆ ಅಲ್ಲಾಡಿಸಿದರು.

"ನೀನು ಇವಳು ಮುರಿದಳು ಅಂತೀಯಾ?"

ಅದಕ್ಕೂ ತಲೆ ಅಲ್ಲಾಡಿಸಿದರು. ಆಮೇಲೆ ಅಂಗೈ ಮೇಲೆತ್ತಿ ತೋರಿಸಿದರು. ಗೊತ್ತಿಲ್ಲ ಎಂದು.

"ಹಾಗಾದ್ರೆ ಒಂದೆರಡು ಸಾಲು ಹೇಳು. ಏನಾಗಿದೆ ಅಂತ ನಾವೂ ಕೇಳ್ಬೇಕಲ್ಲ."

ಅವರು ಚಾಪೆಯ ಒಂದು ನೂಲು ಎಳೆದರು. ಸಂತೆಯಲ್ಲಿ ಒಂಟೆಯೊಂದು ಅರಚಿ ಸುಮ್ಮನಾಯಿತು. ಅದು ಮುಗಿಯಲಿ ಎಂದು ಕಾದಿದ್ದವರಂತೆ ಅವರು ಕಣ್ಣು ಮುಚ್ಚಿ ಶುರು ಮಾಡಿದರು.

ಸೋತ ಒಂಟೆಯ ಸೊರಗು ಸದ್ದಿಗೆ ಸೆಲೆಯು ಕಣ್ ತೆರೆಯಿತು.

ಒಂದೊಂದು ಸಕಾರವೂ ಗಾಳಿಯಲ್ಲಿ ಗೆರೆ ಎಳೆಯಿತು. ತೆಳ್ಳಗಿನ, ಚೂಪಾದ ಸಿಳ್ಳೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಎಲ್ಲರೂ ನೆಲ ನೋಡುತ್ತಿದ್ದರು. ಗುರ್ಹಾನ್ ಮುಖ ಆಚೆ ತಿರುಗಿಸಿಕೊಂಡಿದ್ದ. ಆಗ ನನಗೆ ತಿಳಿಯಿತು, ಅವನಿಗೆ ಒಂಟೆ ಬೇಕಾಗಿರಲಿಲ್ಲ. ನಾನೂ ಒಳಗೊಳಗೇ ಕೇಳಿಕೊಂಡೆ: ಹಲ್ಲು ಉಳಿಸಲು ಹೋಗಿ ನಾನು ಇದನ್ನು ಕಳೆದೆನೆ?

ಅಷ್ಟರಲ್ಲಿ ಯಾರೋ ನಕ್ಕರು.

ಕಿಸಕ್ಕೆಂದು ತಡೆದುಕೊಂಡ ನಗುವಲ್ಲ, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದ ನಗು. ಚಹಾದಂಗಡಿಯ ನೆರಳಿನಿಂದ ಬಂತು.

"ಯಾರದು?" ಕಾಹಿನ್ ದನಿ ಗಡುಸಾಯಿತು. "ಇಲ್ಲಿ ನ್ಯಾಯ ನಡೀತಿದೆ."

"ನಡೀಲಿ. ನಾನೆಲ್ಲಿ ಅಡ್ಡ ಬಂದೆ?" ಎಂದು ಎದ್ದು ನಿಂತವರು ಅಂಬರೊ, ಸುಗುಲ್ಲೆಯವರ ಹೆಂಡತಿ. ಶೇಖ್ ಬೆಟ್ಟದ ಊರಲ್ಲಿ ಮಗಳ ಬಾಣಂತನ ಮುಗಿಸಿ ಬೆಳಗಿನ ಗಾಡಿಯಲ್ಲಿ ಆಗಷ್ಟೇ ಇಳಿದಿದ್ದರು. ಗಂಟು ಇನ್ನೂ ಕಾಲ ಬಳಿ ಇತ್ತು. "ನನ್ನ ಗಂಡ ಇಷ್ಟು ವರ್ಷ ಎಲ್ಲಿಗೆ ಹೋಗಿದ್ದ ಅಂತ ನಗು ಬಂತು, ಅಷ್ಟೇ."

"ದೊಡ್ಡಮ್ಮ, ನಿಮಗೆ ನಗುವಾ?" ಎಂದ ಗುರ್ಹಾನ್. "ದೊಡ್ಡಪ್ಪನ ದನಿ ಕೇಳಿದ್ರಲ್ಲ."

"ಕೇಳ್ದೆ ಕಣೋ. ಈ ದನಿ ಕೇಳೇ ನಾನು ಇವನನ್ನ ಮದುವೆ ಆಗಿದ್ದು. ಕತ್ತಲಲ್ಲಿ ಒಂಟೆ ದೊಡ್ಡಿ ಹತ್ರ ಹತ್ತು ಜನ ಹಾಡ್ತಿದ್ರೆ, ಸಿಳ್ಳೆ ಕೇಳಿ ಇವನು ಇಲ್ಲಿದಾನೆ ಅಂತ ಗೊತ್ತಾಗೋದು. ನನ್ನ ಗೆಳತಿಯರು ಇವನನ್ನ ಗಾಳಿಹಕ್ಕಿ ಅಂತ ಆಡಿಕೊಳ್ತಿದ್ರು. ಆಮೇಲೆ ಯಾವಾಗ್ಲೋ ಅದು ಮಂಕಾಗ್ತಾ ಮಂಕಾಗ್ತಾ ಹೋಯ್ತು. ವಯಸ್ಸಾಯ್ತು ಅಂದುಕೊಂಡೆ."

ಸುಗುಲ್ಲೆಯವರು ತಿರುಗಿ ಹೆಂಡತಿಯನ್ನೇ ನೋಡುತ್ತಿದ್ದರು. "ನಾನು ಸಿಳ್ಳೆ ಹಾಕ್ತಿದ್ನಾ?" ಎಂದರು. ಇಷ್ಟು ದಿನಗಳಲ್ಲಿ ಅವರಾಗಿ ಆಡಿದ ಮೊದಲ ಮಾತು.

"ನಿನಗೆ ಹೇಗೆ ಗೊತ್ತಾಗುತ್ತೆ? ನೀನು ಎಂದಾದ್ರೂ ನಿನ್ನನ್ನ ಕೇಳಿದ್ದೀಯಾ?"

ಕಾಹಿನ್ ಗಡ್ಡ ನೀವಿಕೊಂಡರು. "ಅಂಬರೊ, ನೀನು ಸುಳ್ಳು ಹೇಳೋಳಲ್ಲ. ಆದರೆ ಹೆಂಡತಿ ನೆನಪು ಒಂದೇ ಸಾಕ್ಷಿ ಆದ್ರೆ ನಾಳೆ ಜನ ಮಾತಾಡ್ತಾರೆ."

"ನೆನಪು ಯಾಕೆ? ಪೆಟ್ಟಿಗೆಯಲ್ಲಿದೆ, ತರ್ತೀನಿ."

---

ತಂದದ್ದು ಒಂದು ಕ್ಯಾಸೆಟ್. ಅದರ ಮೇಲಿನ ಹೆಸರು ಅಳಿಸಿಹೋಗಿತ್ತು. ಯುದ್ಧಕ್ಕೆ ಎರಡು ವರ್ಷ ಮೊದಲು ಅಂಬರೊ ದೊಡ್ಡಮ್ಮನ ಅಣ್ಣ ಬರ್ಬೆರಾ ಬಂದರಿನಿಂದ ಹೊಸ ಟೇಪ್ ರೆಕಾರ್ಡರ್ ತಂದು ಇಡೀ ಕವಿತೆಯನ್ನು ತುಂಬಿಸಿಕೊಂಡಿದ್ದನಂತೆ. ಸುಗುಲ್ಲೆಯವರು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಹೇಳುವುದು ನನ್ನ ಕೆಲಸ, ಕೇಳುವುದು ನಿಮ್ಮದು ಎಂದುಬಿಟ್ಟಿದ್ದರು.

"ಊರು ಬಿಟ್ಟು ಗಡಿ ದಾಟಿದ್ವಲ್ಲ, ಆಗ ಹಿಟ್ಟಿನ ಚೀಲದಲ್ಲಿ ಹೂತು ತಗೊಂಡು ಹೋಗಿದ್ದೆ," ಎಂದರು ದೊಡ್ಡಮ್ಮ. "ಹಿಟ್ಟು ಮುಗೀತು. ಇದು ಉಳೀತು."

ಇಡೀ ಸಂತೆಯಲ್ಲಿ ಕ್ಯಾಸೆಟ್ ನುಡಿಸುವ ಯಂತ್ರ ಯಾರ ಬಳಿಯೂ ಇರಲಿಲ್ಲ. ಎಲ್ಲರ ಜೇಬಲ್ಲೂ ಫೋನಿತ್ತು, ಆದರೆ ಅದಕ್ಕೆ ಇದನ್ನು ತುರುಕುವುದು ಹೇಗೆ. ಕೊನೆಗೆ ಒಂಟೆ ಸಾಗಿಸುವ ಹಳೆಯ ಲಾರಿಯೊಂದರಲ್ಲಿ ಸಿಕ್ಕಿತು. ಅದರ ಚಾಲಕ ಸಾಕ್ಷಿಗೆ ಗಾಡಿ ಕೊಡುವುದೆಂದರೆ ಪೊಲೀಸಿನ ಕೆಲಸವೆಂದು ತಿಳಿದು ಮೊದಲು ಒಲ್ಲೆನೆಂದ. ಸುಗುಲ್ಲೆಯವರ ಕವಿತೆ ಎಂದಾಗ ತಾನೇ ಓಡಿಬಂದು ಬಾಗಿಲು ತೆರೆದ. ನ್ಯಾಯವೆಲ್ಲ ಮರ ಬಿಟ್ಟು ಲಾರಿಯ ಸುತ್ತ ಹೋಗಿ ನಿಂತಿತು. ಹಿರಿಯ ಕಾಹಿನ್ ಚಾಲಕನ ಜಾಗದಲ್ಲಿ ಕೂತರು. ಅವರ ಪಕ್ಕ ಸುಗುಲ್ಲೆಯವರು.

ಮೊದಲು ಬರೀ ಮರಳು ಸುರಿಯುವ ಸದ್ದು. ಒಬ್ಬ ಕೆಮ್ಮಿದ. ಎಲ್ಲೋ ಒಂದು ಲೋಟ ನೆಲಕ್ಕೆ ತಾಗಿತು. ಆಮೇಲೆ ಒಬ್ಬ ಯುವಕನ ದನಿ, ಅವಸರವಿಲ್ಲದೆ:

ಸೋತ ಒಂಟೆಯ ಸೊರಗು ಸದ್ದಿಗೆ

ಸಕಾರಕ್ಕೊಂದು ಸಿಳ್ಳೆ. ಈಗ ಮರದ ಕೆಳಗೆ ಕೇಳಿದ್ದೇ. ಅಷ್ಟೇ ತೆಳ್ಳಗೆ, ಅಷ್ಟೇ ಚೂಪು. ವ್ಯತ್ಯಾಸವಿದ್ದದ್ದು ಒಂದೇ: ಆ ಯುವಕನಿಗೆ ನಾಚಿಕೆ ಇರಲಿಲ್ಲ. ಸಿಳ್ಳೆಯನ್ನು ಹೊದ್ದುಕೊಂಡೇ ಸಾಲು ನಡೆಯುತ್ತಿತ್ತು, ಒಂಟೆ ಕೊರಳಿನ ಗಂಟೆಯೊಡನೆ ನಡೆಯುವ ಹಾಗೆ. ನಾನು ಏಳು ವರ್ಷದವಳಿದ್ದಾಗ ಕೇಳಿದ್ದು ಆಗಲೇ ಮಂಕಾಗತೊಡಗಿದ್ದ ದನಿ. ಇದನ್ನು ಅಪ್ಪ ಕೇಳಿದ್ದನೇ ಎಂದು ಯೋಚಿಸಿದೆ. ಕೇಳಿರಬೇಕು.

ಸುಗುಲ್ಲೆಯವರು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಆಲಿಸುತ್ತಿದ್ದರು. ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ಮುಗಿಯುವವರೆಗೆ ಯಾರೂ ಅಲುಗಲಿಲ್ಲ. ಅಷ್ಟು ಬೇಕಿರಲಿಲ್ಲ, ನ್ಯಾಯಕ್ಕೆ ಎರಡು ಸಾಲು ಸಾಕಿತ್ತು. ಆದರೆ ಕಾಹಿನ್ ನಿಲ್ಲಿಸಲಿಲ್ಲ.

ಟಕ್ ಎಂದು ಕ್ಯಾಸೆಟ್ ನಿಂತ ಮೇಲೆ ಅವರು ಕಿಟಕಿಯಿಂದ ತಲೆ ಹೊರಹಾಕಿದರು.

"ಗುರ್ಹಾನ್, ಸಿಳ್ಳೆ ಎಲ್ಲಿಂದ ಬರುತ್ತೆ?"

"ಸಂದಿಯಿಂದ."

"ಇಪ್ಪತ್ತೈದು ದಾಟಿದವನ ಬಾಯಲ್ಲಿ ಆಗ ಸಂದಿ ಇತ್ತು. ಆಮೇಲೆ ಮುಚ್ಚಿಕೊಂಡಿತು. ಮುಚ್ಚಿದ್ದು ಹಲ್ಲಾದ್ರೆ ಅದು ಆ ವಯಸ್ಸಿನ ಮೇಲೆ ಹುಟ್ಟಿರ್ಬೇಕು. ನಿನ್ನ ದೊಡ್ಡಪ್ಪನಿಗೆ ಗಡ್ಡ ಬಂದ ಮೇಲೆ ಹಾಲುಹಲ್ಲು ಬಂತಾ?"

ಲಾರಿಯ ಸುತ್ತ ನಗು ಎದ್ದಿತು. ಗುರ್ಹಾನನ ಕೆನ್ನೆಯಲ್ಲೂ ಒಂದಿಷ್ಟು ಸಡಿಲಾಯಿತು. ಅವನು ಕರವಸ್ತ್ರದ ಗಂಟನ್ನು ದೊಡ್ಡಪ್ಪನ ಕೈಗೆ ಕೊಟ್ಟ.

ಸುಗುಲ್ಲೆಯವರು ಆ ತುಂಡನ್ನು ಬೆರಳುಗಳ ನಡುವೆ ಹಿಡಿದು ಬೆಳಕಿಗೆ ತಿರುಗಿಸಿದರು. "ಇದರಲ್ಲಿ ಎಷ್ಟು ವರ್ಷದ ಮಾತು ಅಂಟಿದೆಯೋ," ಎಂದರು. ಲಾರಿಯ ಬಾಗಿಲಿನ ಕಬ್ಬಿಣಕ್ಕೆ ಇಟ್ಟು ಕೀಲಿಕೈಯಿಂದ ಒತ್ತಿದರು. ಹೆಕ್ಕಳದ ಹಾಗೆ ಪದರ ಪದರವಾಗಿ ಮುರಿಯಿತು. ಬಾಗಿ ನೋಡಿದರು, ನಾವೂ ನೋಡಿದೆವು. ಆಮೇಲೆ ಊದಿಬಿಟ್ಟರು.

ಕಾಹಿನ್ ಇಳಿದು ಬಂದು ನನ್ನನ್ನು ಕರೆದರು. "ನಿನ್ನ ಮೇಲೆ ಹಲ್ಲಿನ ದೂರು ಇಲ್ಲ ಮಗಳೇ. ಬಾಗಿಲು ತೆಗಿ. ಆದ್ರೆ ಒಂದು ಕೇಳ್ತೀನಿ. ದನಿ ಬದಲಾಗುತ್ತೆ ಅಂತ ಇವನಿಗೆ ಮೊದಲೇ ಹೇಳಿದ್ಯಾ?"

"ಇಲ್ಲ. ಬೇರೆಲ್ಲ ಹೇಳಿದ್ದೆ, ಅದೊಂದು ಮರೆತೆ. ತಪ್ಪು ನನ್ನದು."

"ಇಷ್ಟು ದಿನ ಇವನು ದೇವರ ಹೆಸರನ್ನೂ ಬಾಯಿಬಿಟ್ಟು ಹೇಳಲಿಲ್ಲ."

"ಕ್ಷಮಿಸಿ ದೊಡ್ಡಪ್ಪ," ಎಂದೆ ಸುಗುಲ್ಲೆಯವರಿಗೆ. ಅವರು ಎದೆಯ ಮೇಲೆ ಕೈ ಇಟ್ಟರು, ಆದರೆ ಈ ಸಲ ಬಾಯಿ ತೆರೆದು ಸಲಾಮನ್ನೂ ಹೇಳಿದರು, ಸಿಳ್ಳೆ ಸಮೇತ.

"ಹಾಗಾದ್ರೆ ಇನ್ನು ಮುಂದೆ ಹೀಗೆ," ಎಂದರು ಕಾಹಿನ್. "ಯಾರ ಬಾಯಿಗಾದ್ರೂ ಕೊಕ್ಕೆ ಹಾಕೋ ಮೊದಲು ಅವರಿಂದ ಎರಡು ಸಾಲು ಹೇಳಿಸು. ಜೊತೆಗೆ ಬಂದವರೂ ಕೇಳಿರ್ಲಿ. ಮುಗಿದ ಮೇಲೆ ಮತ್ತೆ ಹೇಳಿಸು. ಕವಿತೆ ಬಾರದವನು ಒಂಟೆ ಹೆಸರಾದ್ರೂ ಹೇಳ್ಲಿ."

"ಮತ್ತೆ ನನ್ನ ಕೆಟಲ್?" ಎಂದ ಅಂಗಡಿಯವನು.

"ತೊಳಿ," ಎಂದರು ಅಂಬರೊ ದೊಡ್ಡಮ್ಮ.

---

ಈಗ ನನ್ನ ಕೋಣೆಯಲ್ಲಿ ಯಂತ್ರದ ಸದ್ದಿಗಿಂತ ಮೊದಲು ಕವಿತೆ ಕೇಳುತ್ತದೆ. ಮುದುಕರು ಹಳೆಯ ಸಾಲು ಹೇಳುತ್ತಾರೆ, ಹುಡುಗಿಯರು ಮದುವೆ ಹಾಡು ಹೇಳಿ ನಾಚುತ್ತಾರೆ. ಅಧಿಕಾರಿಯೊಬ್ಬ ತನ್ನ ಕಚೇರಿಯ ವಿಳಾಸ ಹೇಳಿದ. ಎಷ್ಟೋ ವರ್ಷ ಬಾಯಿಗಳನ್ನು ಕಣ್ಣಿನಿಂದ ನೋಡಿದ್ದವಳು ಕಿವಿಯಿಂದ ನೋಡುವುದನ್ನು ಹೊಸದಾಗಿ ಕಲಿಯುತ್ತಿದ್ದೇನೆ. ಮುಂಬಲ್ಲಿನ ಹಿಂದೆ ಕೊಳೆ ಕೂತವರ ಸಕಾರ ಒದ್ದೆ ಬಟ್ಟೆ ನೆಲಕ್ಕೆ ಎಸೆದಂತೆ ಬೀಳುತ್ತದೆ. ಯಾವ ಪುಸ್ತಕದಲ್ಲೂ ಇದನ್ನು ಓದಿಲ್ಲ. ನಿಜವೋ, ನನ್ನ ಕಿವಿಯ ಹುಚ್ಚೋ ಎಂದು ಇನ್ನೂ ಪರೀಕ್ಷಿಸುತ್ತಲೇ ಇದ್ದೇನೆ.

ಸುಗುಲ್ಲೆಯವರಿಗೆ ಅಡೈ ಕಡ್ಡಿಯ ಹೊಸ ಬಗೆ ತೋರಿಸಿಕೊಟ್ಟಿದ್ದೆ. ತುದಿಯನ್ನು ಅಗಿದು ಕುಂಚ ಮಾಡಿ, ಆ ಕುಂಚವನ್ನಷ್ಟೇ ಬೆರಳಿನಲ್ಲಿ ಬಾಗಿಸಿ, ಕೆಳಹಲ್ಲಿನ ಬೆನ್ನಿಗೆ ತಾಗಿಸಿ ಕೆಳಗಿಂದ ಮೇಲಕ್ಕೆ ಎಳೆಯಬೇಕು. ದಿನಕ್ಕೆ ಐದು ಸಲ ಬೇಡ, ಎರಡು ಸಲ ಸರಿಯಾಗಿ ಮಾಡಿದರೆ ಸಾಕು ಎಂದಿದ್ದೆ. ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದೂ ಹೇಳಿದ್ದೆ.

ಆರು ತಿಂಗಳಿಗೆ ಸರಿಯಾಗಿ ಬಂದರು, ಜೊತೆಗೆ ಅಂಬರೊ ದೊಡ್ಡಮ್ಮ. ಒಸಡು ಗಟ್ಟಿಯಾಗಿದೆ, ಕಡ್ಡಿ ಕೆಂಪಾಗುತ್ತಿಲ್ಲ ಎಂದರು. ಕುರ್ಚಿಯಲ್ಲಿ ಒರಗುವ ಮೊದಲು ತಾವಾಗಿಯೇ ಕಣ್ಣು ಮುಚ್ಚಿ ಶುರು ಮಾಡಿದರು. ಈಗ ಅವರಿಗೂ ನಾಚಿಕೆ ಇರಲಿಲ್ಲ. ಸೋತ ಒಂಟೆ ಬಂತು, ಸೆಲೆ ಕಣ್ ತೆರೆಯಿತು. ಮರಳ ಸಾಲು ಸರಿಯುವಲ್ಲಿ ನನ್ನ ಕೈಯಲ್ಲಿದ್ದ ಕನ್ನಡಿ ತಾನಾಗಿ ನಿಂತಿತು.

ಸಿಳ್ಳೆ ಇತ್ತು. ಆದರೆ ಅದರ ಅಂಚಿನಲ್ಲಿ, ಎಡಗಡೆಗೆ, ಎಲ್ಲೋ ಒಂದು ಕೂದಲಿನಷ್ಟು ಮಂಕು.

"ದೊಡ್ಡಪ್ಪ," ಎಂದೆ, "ಎಡಗಡೆ ಹಲ್ಲಿನ ಬೆನ್ನಿಗೆ ಕಡ್ಡಿ ಹೋಗ್ತಿಲ್ಲ."

ಅವರು ಕಣ್ಣು ತೆರೆದರು. ನಾನು ಇನ್ನೂ ಬಾಯಿಯೊಳಗೆ ನೋಡಿಯೇ ಇರಲಿಲ್ಲ. ಅವರು ಹೆಂಡತಿಯ ಕಡೆ ತಿರುಗಿದರು.

"ನೀನು ಹೇಳಿದ್ಯಾ?"

"ನಾನೇನು ನಿನ್ನ ಬಾಯಿ ಕಾಯ್ತಾ ಕೂರ್ತೀನಾ?" ಎಂದರು ಅಂಬರೊ ದೊಡ್ಡಮ್ಮ. ಅವರಿಗೂ ಕುತೂಹಲ ಹುಟ್ಟಿತ್ತು; ಗಂಟನ್ನು ಕೆಳಗಿಟ್ಟು ಕುರ್ಚಿಯ ಹತ್ತಿರಕ್ಕೆ ಬಂದರು. "ನಿಜವಾ ಹಿಬೊ? ನೋಡು, ನೋಡು."

ಬಿಸ್ಮಿಲ್ಲಾ ಎಂದು ಕನ್ನಡಿಯನ್ನು ಓರೆಯಾಗಿ ಹಿಡಿದೆ. ಎಡಗಡೆಯ ಕೋರೆಹಲ್ಲಿನ ಹಿಂದೆ, ಅಕ್ಕಿಕಾಳಿನ ಮೊನೆಯಷ್ಟು, ಹಳದಿ ಗೆರೆಯೊಂದು ಕೂತಿತ್ತು.